ತಾತನ ಜಾಗಕ್ಕೆ ಡೀಕನ್ ಹುಡುಕಿದ್ದು

ಅಳೋ ಹೊತ್ತಲ್ಲೇ ನಗು ಬರೋ ಅಂಥದ್ದು ಏನಾದ್ರೂ ನಮ್ ಚರ್ಚಲ್ಲಿ ಆಗ್ತಾನೇ ಇರುತ್ತೆ. ಇದನ್ನೆಲ್ಲಾ ಇದುವರ್ಗೂ ನಾನ್ ಯಾರಿಗೂ ಹೇಳಿಲ್ಲ. ಕಾಲೇಜಲ್ಲಿ ಹೆಸರು ಕೂಗಿದ್ರೇನೇ ನನ್ ದನಿ ಲೆಕ್ಚರರ್‌ಗೆ ಕೇಳ್ಸಲ್ಲ, ಇನ್ನ ಕತೆ ಎಲ್ಲಿ ಹೇಳೋದು.

ನಮ್ಮೂರು ಹೊಳವನಹಳ್ಳಿ ಹತ್ರ. ಚರ್ಚ್ ಅಂದ್ರೆ ಒಂದು ಶೀಟಿನ ಕೋಣೆ, ಮೂವತ್ತು ಜನ. ನಮ್ ತಾತ ಅಲ್ಲಿ ಡೀಕನ್ ಆಗಿದ್ರು. ಬಾಗ್ಲು ತೆಗಿಯೋದು, ಕಸ ಹೊಡ್ಯೋದು, ಚಾಪೆ ಹಾಸೋದು, ಕಾಯ್ಲೆ ಬಿದ್ದೋರ ಮನೆಗೆ ಹೋಗಿ ಪ್ರಾರ್ಥನೆ ಮಾಡಿ ಬರೋದು, ಇದೇ ಡೀಕನ್ ಕೆಲ್ಸ. ರಾಗಿ ಕುಯ್ಲಿನ ಟೈಮಲ್ಲಿ ತಾತ ತೀರ್ಕೊಂಡ್ರು. ಮಧುಗಿರಿಯಿಂದ ಬೈಕಲ್ಲಿ ಬರೋ ಪಾಸ್ಟರ್, ಕ್ರಿಸ್ಮಸ್ ಆದ್ಮೇಲೆ ಹೇಳ್ಬುಟ್ರು: "ಈಸ್ಟರ್ ಒಳಗೆ ಒಬ್ಬ ಡೀಕನ್ ಸಿಗ್ಲಿಲ್ಲ ಅಂದ್ರೆ ಇಲ್ಲಿಗೆ ಬೀಗ. ಎಲ್ರೂ ಮಧುಗಿರಿ ಚರ್ಚ್‌ಗೇ ಬರ್ಬೇಕು."

ಎಲ್ರೂ ಬಸ್ ಹತ್ತಬಹುದು. ನಮ್ಮಜ್ಜಿ ಕೈಲಿ ಆಗಲ್ಲ, ಮಂಡಿ ಎರಡೂ ಹೋಗಿವೆ. ಚರ್ಚ್ ನಮ್ಮನೆಯಿಂದ ನಾಲ್ಕು ಮನೆ ಆಚೆ. ತಾತ ಕೈ ಹಿಡ್ಕೊಂಡು ಕರ್ಕೊಂಡ್ ಹೋಗೋರು. ತಾತ ಹೋದ್ಮೇಲೆ ಅಜ್ಜಿ ಹೊಸ್ತಿಲು ದಾಟ್ತಿದ್ದಿದ್ದು ಭಾನುವಾರ ಒಂದೇ, ನನ್ ಕೈ ಹಿಡ್ಕೊಂಡು. ಬೀಗ ಬಿದ್ರೆ ಅದೂ ಇಲ್ಲ.

೧. ಗೋಡೆ

ಡೀಕನ್ ಆಗೋರಿಗೆ ಏನೇನ್ ಗುಣ ಇರ್ಬೇಕು ಅಂತ ಪಾಸ್ಟರ್ ಬೈಬಲ್ ನೋಡಿ ಒಂದು ಚೀಟೀಲಿ ಬರ್ಕೊಂಡ್ ಬಂದಿದ್ರು. ಅವ್ರ ಕನ್ನಡಕ ಮುರಿದಿತ್ತು. "ನೀನು ಓದೋ ಹುಡ್ಗಿ, ನೀನೇ ಓದಮ್ಮ" ಅಂತ ನನ್ ಕೈಗೆ ಕೊಟ್ರು. ಎದ್ ನಿಂತೆ.

"ಇವತ್ತೊಂದು ನಾಳೆ ಒಂದು ಮಾತಾಡ್ಬಾರ್ದು" ಅಂತ ಓದ್ದೆ. ಎಲ್ರೂ ತಿರುಗಿ ದಿನಸಿ ಅಂಗಡಿಯೋರನ್ನ ನೋಡಿದ್ರು. "ದುರಾಸೆ ಇರ್ಬಾರ್ದು." ಎಲ್ರೂ ತಿರುಗಿ ಹಾಲಿನ ಡೈರಿ ಅಣ್ಣನ್ನ ನೋಡಿದ್ರು. "ಕುಡಿತಕ್ಕೆ ಬಿದ್ದಿರ್ಬಾರ್ದು." ಈ ಸಲ ಎಲ್ರೂ ಗಾರೆ ಕೆಲ್ಸದ ಮಾವನ್ ಕಡೆ ತಿರುಗಿದ್ರು. ಮಾವನೂ 'ಯಾರಪ್ಪಾ ಅದು' ಅನ್ನೋ ಹಂಗೆ ತಿರುಗಿ ತನ್ ಹಿಂದೆ ನೋಡಿದ್ರು. ಹಿಂದೆ ಇದ್ದಿದ್ದು ಚರ್ಚ್ ಗೋಡೆ.

ಅದನ್ನ ಕಟ್ಟಿದ್ದೂ ಅವ್ರೇ. ಸ್ವಲ್ಪ ವಾಲಿದೆ.

೨. ಅಡುಗೆ ಮನೆ

ಸ್ವಂತ ಮನೇನ ನೆಟ್ಟಗೆ ನಡೆಸಿರ್ಬೇಕು ಅನ್ನೋದು ಇನ್ನೊಂದು ಗುಣ. ಅದಕ್ಕೇ ಪಾಸ್ಟರ್ ರಿಟೈರ್ಡ್ ಮೇಷ್ಟ್ರ ಮನೆಗೆ ಹೋದ್ರು. ಚೀಟಿ ಓದಕ್ಕೆ ಅಂತ ನಾನೂ ಹೋದೆ. ಮನೆ ಲಕಲಕ ಅಂತಿತ್ತು. ಮೊಮ್ಮಕ್ಳು ಸಾಲಾಗಿ ಎದ್ ನಿಂತು ನಮಸ್ಕಾರ ಅಂದ್ವು.

"ಮೇಷ್ಟ್ರೇ, ಡೀಕನ್ ಆಗ್ತೀರಾ?"

ಮೇಷ್ಟ್ರು ಅಡುಗೆ ಮನೆ ಕಡೆ ನೋಡಿದ್ರು.

"ಆಗಲ್ಲ" ಅಂತ ಅಲ್ಲಿಂದ ಅವ್ರ ಹೆಂಡ್ತಿ ದನಿ ಬಂತು.

"ಯೋಚ್ನೆ ಮಾಡಿ ಹೇಳಿ, ಅವಸರ ಇಲ್ಲ."

"ಯೋಚ್ನೆ ಮಾಡಾಯ್ತು" ಅಂತು ಅಡುಗೆ ಮನೆ.

"ಕಾಫಿ ಕುಡ್ಕೊಂಡ್ ಹೋಗಿ" ಅಂದ್ರು ಮೇಷ್ಟ್ರು.

"ಹಾಲಿಲ್ಲ."

ಆಚೆ ಬಂದು ಬೈಕ್ ಒದೀತಾ ಪಾಸ್ಟರ್ ಅಂದ್ರು, "ಮನೆಯೇನೋ ಚೆನ್ನಾಗೇ ನಡೀತೈತೆ ಕಣಮ್ಮ. ನಾವ್ ಕೇಳಿದ್ದೇ ಬೇರೆಯೋರನ್ನ."

೩. ಪರೀಕ್ಷೆ

ಪಾವಗಡದ ತಿರುಮಣಿಯಿಂದ ನಮ್ಮೂರಿಗೆ ಮನೆ ಅಳಿಯ ಆಗಿ ಬಂದ ಅಣ್ಣ ಒಬ್ರು ಕೊನೆಗೂ ಒಪ್ಕೊಂಡ್ರು. ತುಂಬಾ ಒಳ್ಳೇರು. ಆದ್ರೆ ಮೊದ್ಲು ಪರೀಕ್ಷೆ ಮಾಡಿ ನೋಡ್ಬೇಕು ಅಂತ ಚೀಟೀಲಿತ್ತು. "ಕಾಯ್ಲೆಯೋರ ಮನೆಗೆ ಹೋಗಿ ಪ್ರಾರ್ಥನೆ ಮಾಡ್ಕೊಂಡ್ ಬಾರಪ್ಪ" ಅಂತ ಪಾಸ್ಟರ್ ಕಳಿಸಿದ್ರು. ಆ ವಾರ ಜ್ವರ ಬಂದಿದ್ದಿದ್ದು ನಮ್ಮಜ್ಜಿಗೇ.

ಅಣ್ಣ ಮಂಚದ ಪಕ್ಕ ಮಂಡಿ ಊರಿ ಕಣ್ ಮುಚ್ಚಿದ್ರು. ಪಾಪ, ಅವ್ರು ಶುರುವಿಂದ ಕೊನೆವರ್ಗೂ ಗಮನ ಇಟ್ಟು ಕೇಳಿದ್ದ ಪ್ರಾರ್ಥನೆ ಒಂದೇ, ನಮ್ ತಾತನ್ನ ಮಣ್ಣು ಮಾಡಿದ ದಿನದ್ದು. ಅದನ್ನೇ ತಮ್ಮೂರ ತೆಲುಗಲ್ಲಿ ಶುರು ಹಚ್ಕೊಂಡ್ರು.

"ಈಮೆ ಆತ್ಮನಿ ನೀ ದಗ್ಗರಿಕಿ ತೀಸ್ಕೋ ಪ್ರಭುವಾ..." ಅಂದ್ರೆ ಈಯಮ್ಮನ ಆತ್ಮಾನ ನಿನ್ ಹತ್ರ ಕರ್ಕೋ ಅಂತ. ಆಮೇಲೆ ನಮಗೆ ಅರ್ಥ ಆಗ್ಲಿ ಅಂತ ಕನ್ನಡಕ್ಕೆ ಬಂದ್ರು, "ಉಳಿದೋರಿಗೆ ಸಮಾಧಾನ ಕೊಡಪ್ಪಾ."

ಅಜ್ಜಿ ಒಂದು ಕಣ್ ಬಿಡ್ತು. "ಲೇ ಅಪ್ಪಯ್ಯ, ಇದಕ್ಕೆ ನಾನು ಆಮೆನ್ ಅನ್ಬೇಕೋ ಬ್ಯಾಡ್ವೋ?"

ಅಣ್ಣ ಚಪ್ಲಿನೂ ಹಾಕ್ಕೊಳ್ದೆ ಹೋಗ್ಬುಟ್ರು, ಭಾನುವಾರ ಹೆಸರೂ ವಾಪಸ್ ತಗೊಂಡ್ರು. ನಂಗೆ ನಗು ತಡ್ಯಕ್ಕಾಗ್ಲಿಲ್ಲ. ಅಜ್ಜಿ ಗೋಡೆ ಕಡೆ ತಿರುಗಿ ಮಲಗಿ, "ಕರ್ಕೊಂಡಿದ್ರೂ ಆಗ್ತಿತ್ತು" ಅಂತು. ನಾನು ಎದ್ದು ಗಂಜಿ ಕಾಯಿಸಕ್ಕೆ ಹೋದೆ.

೪. ನೆಟ್‌ವರ್ಕ್

ಈಸ್ಟರ್‌ಗೆ ಒಂದೇ ವಾರ. ಪಾಸ್ಟರ್ ಹೊಸ ಬೀಗ ತಂದು ಮೇಜಿನ ಮೇಲೆ ಇಟ್ಟಿದ್ರು, ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರ್ಲಿಲ್ಲ. ಅಜ್ಜಿ ಅದನ್ನೇ ನೋಡ್ತಾ ಕೂತಿತ್ತು.

"ಕೊನೇ ಸಲ ಕೇಳ್ತಿದೀನಿ, ಯಾರಾದ್ರೂ?"

ಎಲ್ರೂ ಚಾಪೆ ನೋಡಿದ್ರು. ಅಜ್ಜಿ ನನ್ ಕೈ ಹಿಂಡಿ, "ಎಬ್ಬಿಸು" ಅಂತು. ಎಬ್ಬಿಸ್ದೆ.

"ನಾನಾಗ್ತೀನಿ ಅಯ್ಯನೋರೇ."

"ನೀವಾ ಅಜ್ಜಿ?"

"ಈ ಬಾಗ್ಲು ಬೀಗದ ಕೈ ಮೊದ್ಲಿಂದ ನನ್ ಸೊಂಟದಲ್ಲೇ ಇರೋದು. ನಿಮ್ ಡೀಕನ್ ಕೈಗೆ ಕೊಟ್ರೆ ಕಳ್ಕೊಂಡ್ ಬರೋರು."

"ಕಾಯ್ಲೆಯೋರ ಮನೆಗೆ ಹೋಗ್ಬೇಕಲ್ಲಾ, ನಿಮ್ಗೆ ನಡ್ಯಕ್ಕಾಗಲ್ಲ."

"ನಡ್ಕೊಂಡ್ ಬಂದೋರು ನನ್ನ ಮಣ್ಣೇ ಮಾಡ್ಬುಟ್ಟಿದ್ರು." ತಿರುಮಣಿ ಅಣ್ಣ ತಲೆ ತಗ್ಗಿಸಿದ್ರು.

ಗಾರೆ ಮಾವ ಎದ್ರು. "ಊರೊಳಗೆ ನಾನ್ ಗಾಡೀಲಿ ಕೂರಿಸ್ಕೊಂಡ್ ಹೋಗ್ತೀನಿ."

"ಬೆಳಿಗ್ಗೆ ಹೊತ್ತು ಮಾತ್ರ ಕಣ್ಲಾ. ಮಧ್ಯಾಹ್ನದ ಮೇಲೆ ನೀನೂ ನಿನ್ ಗೋಡೆ ಥರಾನೇ."

ಪಾಸ್ಟರ್ ನನ್ ಕಡೆ ತಿರುಗಿ, "ಚೀಟೀಲಿ ಕೊನೇದು ಓದಮ್ಮ" ಅಂದ್ರು. ಅದೇನು ಅಂತ ನಂಗೆ ಗೊತ್ತಿತ್ತು. "ಒಬ್ಬಳೇ ಹೆಂಡ್ತಿ ಇರೋ ಗಂಡಸಾಗಿರ್ಬೇಕು."

ಪಾಸ್ಟರ್ ಕೈ ಬೀಗದ ಕಡೆ ಹೋಯ್ತು.

"ನಂಗೆ ಒಬ್ಳೂ ಇಲ್ವಲ್ಲ ಅಯ್ಯನೋರೇ" ಅಂತು ಅಜ್ಜಿ. "ಒಬ್ಳು ಇರೋನಿಗಿಂತ ನಾನೇ ವಾಸಿ ಅಲ್ವಾ?"

ಮೊದ್ಲು ನಕ್ಕಿದ್ದು ಮೇಷ್ಟ್ರು. ಅವ್ರ ಹೆಂಡ್ತಿ ನೋಡಿದ್ರು, ಮೇಷ್ಟ್ರು ನಿಲ್ಸಿದ್ರು. ಆಮೇಲೆ ಅವ್ರ ಹೆಂಡ್ತಿನೇ ನಕ್ರು. ತಾತ ಹೋದ್ಮೇಲೆ ಆ ಕೋಣೇಲಿ ನಗು ಕೇಳಿದ್ದು ಅದೇ ಮೊದ್ಲು. ಅಜ್ಜಿನೂ ನಗ್ತು, ನಗ್ತಾ ನಗ್ತಾ ಸೆರಗಲ್ಲಿ ಮುಖ ಮುಚ್ಕೊಂಡು ಅಳ್ತು.

"ಹೆಂಗಸರಾದ್ರೆ ದೊಡ್ಡ ಪಾಸ್ಟರ್‌ನ ಕೇಳ್ಬೇಕಾಗುತ್ತೆ" ಅಂತ ಪಾಸ್ಟರ್ ಫೋನ್ ತಗೊಂಡು ಆಚೆ ಮೆಟ್ಲ ಮೇಲೆ ಹೋಗಿ ನಿಂತ್ರು. ಸುಮಾರು ಹೊತ್ತು ಫೋನ್ ನೋಡ್ತಾ ನಿಂತಿದ್ದು ಒಳಗೆ ಬಂದ್ರು.

"ನೆಟ್‌ವರ್ಕ್ ಇಲ್ಲ. ಸಿಗೋವರ್ಗೂ ಅಜ್ಜೀನೇ ಡೀಕನ್." ಬೀಗ ತೆಗ್ದು ಬ್ಯಾಗಿಗೆ ಹಾಕ್ಕೊಂಡ್ರು.

ನಮ್ಮೂರಲ್ಲಿ ಎಲ್ಲೂ ನೆಟ್‌ವರ್ಕ್ ನೆಟ್ಟಗೆ ಸಿಗಲ್ಲ. ಸಿಗೋದು ಒಂದೇ ಕಡೆ, ಚರ್ಚ್ ಮೆಟ್ಲ ಮೇಲೆ. ಊರೋರೆಲ್ಲಾ ಫೋನ್ ಮಾಡಕ್ಕೆ ಅಲ್ಲಿಗೇ ಬರೋದು. ಆವತ್ತು ಮೂವತ್ತು ಜನದಲ್ಲಿ ಒಬ್ರೂ ಬಾಯಿ ಬಿಡ್ಲಿಲ್ಲ.

ಪಾಸ್ಟರ್ ಪ್ರತಿ ಭಾನುವಾರ ಮೆಟ್ಲ ಮೇಲೆ ನಿಂತು ನೋಡ್ತಾರೆ. ನೆಟ್‌ವರ್ಕ್ ಇನ್ನೂ ಬಂದಿಲ್ಲ.