ಮಾವನ ಸಂಜೆ ರಾಜಿ

ನಮ್ಮ ಮಾವನಷ್ಟು ವೈರಿಗಳನ್ನು ಪ್ರೀತಿಸಿದವರು ಕೊಟ್ಟೂರಿನಲ್ಲಿ ಇನ್ನೊಬ್ಬರಿಲ್ಲ. ಯಾಕೆಂದರೆ ಅಷ್ಟೊಂದು ವೈರಿಗಳನ್ನು ಮಾಡಿಕೊಳ್ಳುವ ತಾಕತ್ತು ಬೇರೆ ಯಾರಿಗಿದೆ?

ನಾವು ಕ್ರೈಸ್ತರು. ಅಮ್ಮನ ತಮ್ಮನಾದ ಈ ಮಾವ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಒಂದು ಭಾನುವಾರ ಪಾದ್ರಿಗಳು, ಹೊತ್ತು ಮುಳುಗುವ ತನಕ ಸಿಟ್ಟು ಉಳಿಯಬಾರದು ಎಂದು ಬೋಧಿಸಿದರು. ಬೇರೆಯವರಾಗಿದ್ದರೆ ಸಿಟ್ಟು ಕಡಿಮೆ ಮಾಡಿಕೊಳ್ಳುತ್ತಿದ್ದರು. ಮಾವ ಮನೆಗೆ ಬಂದು, ಹೊತ್ತು ಮುಳುಗುವುದು ಎಷ್ಟು ಗಂಟೆಗೆ ಎಂದು ಕ್ಯಾಲೆಂಡರ್ ನೋಡಿದ! ಅಂದಿನಿಂದ ಬೆಳಿಗ್ಗೆ ಜಗಳ, ಸಂಜೆ ರಾಜಿ.

ರಾಜಿಗೆ ಬರಿಗೈಲಿ ಹೋಗಬಾರದಲ್ಲ? ಬಿಸಿ ಮಿರ್ಚಿ ಬಜ್ಜಿ ಕಟ್ಟಿಸಿಕೊಂಡು ಹೊರಡುತ್ತಿದ್ದ. ಬೆಳಿಗ್ಗೆ ಜಗಳವಾಡಿದ್ದ ಕೂಡ್ಲಿಗಿ ಬಸ್ಸಿನ ಕಂಡಕ್ಟರನನ್ನು ಹೀಗೇ ಹುಡುಕಿಕೊಂಡು ಹೋದಾಗ, ಮಾವ ದೂರು ಕೊಡಲು ಬಂದನೆಂದು ಹೆದರಿ ಆ ಬಡಪಾಯಿ ಬಸ್ಸಿನ ಹಿಂದೆ ಅಡಗಿಕೊಂಡಿದ್ದ. ಬರಬರುತ್ತ ಓಣಿಯಲ್ಲಿ ಮಿರ್ಚಿ ಆಸೆಯಾದವರೆಲ್ಲ ಬೆಳಿಗ್ಗೆಯೇ ಬಂದು ಮಾವನನ್ನು ಕೆಣಕತೊಡಗಿದರು. "ನನ್ ಕೂಡನೂ ಒಂದಿನ ಜಗಳ ಆಡ್ರಿ. ಮಿರ್ಚಿ ತಿಂದು ಭಾಳ ದಿನ ಆತು" ಎಂದಳು ಅತ್ತೆ.

ಆದರೆ ಮಾವನ ಕಾಯಂ ಎದುರಾಳಿ, ಎದುರು ಮನೆಯ ಕಿರಾಣಿ ಅಂಗಡಿ ಸಾಹುಕಾರರು. ಲಿಂಗಪೂಜೆ ಆಗದೆ ನೀರು ಮುಟ್ಟದವರು. ಇಬ್ಬರ ಜಗಳವೂ ದೇವರದ್ದೇ.

"ಮಾಸ್ತರ, ನಿಮ್ ದೇವರು ವಾರಕ್ಕೊಮ್ಮೆ ರಜಾ ತಗೊಂತಾನ. ನಮ್ ಶಿವಗ ರಜಾನ ಇಲ್ಲ."

"ಆರು ದಿನ ದುಡಿದು ರಜಾ ತಗೊಂಡಾನ್ರಿ ಸಾವ್ಕಾರ್ರ. ನಿಮ್ ಶಿವ ಕಣ್ ಮುಚ್ಕೊಂಡು ಕುಂತಾನಲ್ಲ, ಅದೇನು ಡ್ಯೂಟಿ?"

ಒಂದು ಮೋಡ ಕವಿದ ದಿನ, ಹೊತ್ತಿನ ಬಗ್ಗೆ ಅನುಮಾನ ಬೇಡವೆಂದು ಮಾವ ಮಧ್ಯಾಹ್ನವೇ ರಾಜಿಗೆ ಹೋದ. ರಾಜಿಯಾಯಿತು, ಮಿರ್ಚಿ ಮುಗಿಯಿತು, ಹೊತ್ತು ಮಾತ್ರ ಇನ್ನೂ ಉಳಿದಿತ್ತು. ಮತ್ತೆ ಜಗಳ ಹತ್ತಿತು. ಎರಡನೇ ರಾಜಿಯ ಮಿರ್ಚಿಯನ್ನು ಸಾಹುಕಾರರೇ ತರಿಸಬೇಕಾಯಿತು.

ಹೋದ ವರ್ಷ ಸಾಹುಕಾರರಿಗೆ ಲಕ್ವ ಹೊಡೆಯಿತು. ಬಲಗೈ ಬಿತ್ತು, ಬಾಯಿ ಬಿತ್ತು. ನೋಡಲು ಬಂದವರೆಲ್ಲ ಕೂಸನ್ನು ಮಾತಾಡಿಸಿದಂತೆ ಮಾತಾಡಿಸಿ ಹೋಗುವರು. ಅವರು ಗೋಡೆಗೆ ಮುಖ ತಿರುಗಿಸಿ ಮಲಗಿಬಿಟ್ಟರು. "ಊಟಕ್ಕೂ ಬಾಯಿ ತೆರಿಯಂಗಿಲ್ರಿ ಮಾಸ್ತರ. ಬದುಕೋದನ್ನ ಬಿಟ್ಟುಬಿಟ್ಟಾರ" ಎಂದು ಅವರ ಹೆಂಡತಿ ಅತ್ತರು.

ನಮ್ಮ ಚರ್ಚಿನವರೊಬ್ಬರು ಮಾವನಿಗೆ ಹೇಳಿದರು: "ಈಗ ಹೋಗಿ ಸಾವ್ಕಾರ್ರಿಗೆ ಸುವಾರ್ತೆ ಹೇಳ್ರಿ. ಎದುರು ಮಾತಾಡಾಕ ಅವರಿಗೆ ಬಾಯಿಲ್ಲ."

ಮಾವನಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ಎಂದೂ ಕಂಡಿರಲಿಲ್ಲ. "ಬಾಯಿ ಬಿದ್ದವರ ಕೂಡ ಗೆದ್ರ ಅದು ಗೆಲುವೇನ್ರಿ?"

ಅವತ್ತು ಸಂಜೆ ನಾನೂ ಜೊತೆಗೆ ಹೋದೆ. ಮಾವ ಮಂಚದ ಈಚೆ ಕೂತು ತನ್ನ ವಾದ ಹೂಡಿದ. ಆಮೇಲೆ ಎದ್ದು ಆಚೆ ಹೋಗಿ ಕೂತು, ಸಾಹುಕಾರರ ಪರವಾಗಿ ತನಗೆ ತಾನೇ ಉತ್ತರ ಕೊಟ್ಟ. ಒಂದು ಮಾತನ್ನೂ ಸಡಿಲ ಬಿಡಲಿಲ್ಲ. ಈಚೆಗೊಮ್ಮೆ, ಆಚೆಗೊಮ್ಮೆ ಹೀಗೆ ಓಡಾಡುತ್ತಿರುವಾಗ ಸಾಹುಕಾರರು ಮೆಲ್ಲಗೆ ಇತ್ತ ತಿರುಗಿದರು. ಎಡಗೈಯಿಂದ ಎದೆಯ ಮೇಲಿನ ಲಿಂಗವನ್ನು ಮುಟ್ಟಿ ತೋರಿಸಿದರು.

"ಹೌದ್ ನೋಡ್ರಿ, ಅದನ್ನ ಬಿಟ್ಟಿದ್ದೆ" ಎಂದ ಮಾವ. "ದೇವರನ್ನ ಎದಿ ಮ್ಯಾಲ ಇಟ್ಕೊಂಡಾವ ಎಲ್ಲಿಗೂ ಹುಡುಕ್ಕೊಂಡು ಹೋಗಬೇಕಿಲ್ಲ. ಹಿಂಗ ಅಲ್ಲೇನ್ರಿ?"

ಸಾಹುಕಾರರು ಹೌದೆಂದು ತಲೆಯಾಡಿಸಿದರು. ಮಾವ ಎದ್ದು ಈಚೆಗೆ, ತನ್ನ ಕಡೆಗೆ ಬಂದು ಕೂತ.

"ಆತ್ರಿ ಸಾವ್ಕಾರ್ರ. ಇವತ್ತು ನೀವ ಗೆದ್ರಿ."

ಅವರ ಹೆಂಡತಿ ಗಂಜಿ ತಂದರು. ಬಟ್ಟಲನ್ನು ಮಾವನೇ ಇಸಿದುಕೊಂಡು ಚಮಚ ಮುಂದೆ ಹಿಡಿದ. ಸಾಹುಕಾರರು ಬಾಯಿ ತೆರೆದರು.