ಮಾಮನ ಲೆನ್ಸುಗಳಿಗೆ ಹತ್ತಿದ ಎರಡು ಚುಕ್ಕೆ

ನಮ್ಮ ಮಾಮನಷ್ಟು ಹೆಂಡತಿಯ ಫೋಟೊ ತೆಗೆದ ಗಂಡಸು ತಮಿಳುನಾಡಿನ ತೇನಿ ಸುತ್ತಮುತ್ತ ಇನ್ನೊಬ್ಬ ಸಿಗಲಾರ. ಎಷ್ಟೋ ವರ್ಷ, ಪ್ರತಿ ಭಾನುವಾರ, ಒಂದು ವಾರವೂ ತಪ್ಪಿಸದೆ ತೆಗೆದಿದ್ದಾನೆ. ಸಾವಿರಾರು ಫೋಟೊ. ಒಂದರಲ್ಲೂ ಆಕೆಯ ಮುಖವಿಲ್ಲ! ನಗುವುದಾದರೆ ಈಗಲೇ ನಕ್ಕುಬಿಡಿ. ನಾನೂ ನಕ್ಕಿದ್ದೇನೆ. ಹೆದರಿದ್ದು ಆಮೇಲೆ.

ಮಾಮ ಎಂದರೆ ನನ್ನ ಅಪ್ಪನ ತಂಗಿಯ ಗಂಡ. ಹನುಮಂತನಪಟ್ಟಿಯಲ್ಲಿ ದ್ರಾಕ್ಷಿ ಬೆಳೆಯುತ್ತಾನೆ. ಅದು ಹೊಟ್ಟೆಪಾಡು. ಅವನ ನಿಜವಾದ ಕಸುಬು ಲೆನ್ಸು ಪರೀಕ್ಷೆ. ಕ್ಯಾಮೆರಾ ಒಂದೇ, ಲೆನ್ಸು ಇಪ್ಪತ್ತಮೂರು. ನಮ್ಮ ಕಣಿವೆಯಲ್ಲಿ ಎಲ್ಲಿ ಹಳೆಯ ಸ್ಟುಡಿಯೋ ಬಾಗಿಲು ಹಾಕಿದರೂ ಮಾಮ ಅಲ್ಲಿಗೆ ಹಾಜರು. ಹೋಗಿ ಅವರ ಹಳೆಯ ಲೆನ್ಸನ್ನು ತಂದು, ತನ್ನ ಕ್ಯಾಮೆರಾಕ್ಕೆ ಏನೇನೋ ಲೋಹದ ಬಳೆ ಹಾಕಿ ಕೂರಿಸುತ್ತಾನೆ. ಸರಿ, ಇಷ್ಟು ಲೆನ್ಸು ಇಟ್ಟುಕೊಂಡು ಏನು ತೆಗೆಯುತ್ತಾನೆ? ಹಕ್ಕಿಯೇ, ಬೆಟ್ಟವೇ, ಮದುವೆಯೇ? ಉಹೂಂ. ಒಂದು ಲೆನ್ಸಿಗಿಂತ ಇನ್ನೊಂದು ಎಷ್ಟು ವಾಸಿ ಎಂದು ತಿಳಿಯುವ ಫೋಟೊ ತೆಗೆಯುತ್ತಾನೆ, ಅಷ್ಟೆ.

ಅದಕ್ಕೆ ನಿಯಮಗಳಿದ್ದವು. ಜಾಗ ತೋಟದ ಮೋಟಾರು ಕೋಣೆಯ ಗೋಡೆ. ಹೊತ್ತು ಸರಿಯಾಗಿ ಮಧ್ಯಾಹ್ನ ಹನ್ನೆರಡು. ಗೋಡೆಯ ಮುಂದೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಅತ್ತೆ, ಅತ್ತೆಯ ಮುಖದ ಮುಂದೆ ಬಿಚ್ಚಿ ಹಿಡಿದ ತಮಿಳು ಪೇಪರು. ಯಾವುದೋ ಹಳೆಯ ಭಾನುವಾರದ ವಧು-ವರರ ಜಾಹೀರಾತಿನ ಪುಟ. ಇರುವೆಯಂಥ ಅಕ್ಷರ, ಲೆನ್ಸಿನ ಚುರುಕು ಅದರಲ್ಲೇ ತಿಳಿಯುವುದಂತೆ. ಪುಟ ಬದಲಾದರೆ ಹೋಲಿಕೆ ಕೆಡುತ್ತದೆ ಎಂದು ಅಷ್ಟು ವರ್ಷವೂ ಅದೇ ಹಾಳೆ. ಅದನ್ನು ಮಡಿಸಿ ತನ್ನ ಸೀರೆಯ ಪೆಟ್ಟಿಗೆಯಲ್ಲಿಟ್ಟು ಕಾಪಾಡುವುದು ಅತ್ತೆಯ ಇಲಾಖೆ. ಮಾಮ ಅದನ್ನು ಮುಟ್ಟುತ್ತಿರಲಿಲ್ಲ.

"ಅಷ್ಟು ಜನ ಮದ್ವೆ ಇಲ್ದೆ ಕಾಯ್ತಾ ಅವ್ರೆ," ಎಂದು ಅತ್ತೆ ಪೇಪರಿನ ಹಿಂದಿನಿಂದ ಹೇಳುತ್ತಿದ್ದಳು. "ನಾ ಒಬ್ಳು ಅವಸರ ಬಿದ್ಬುಟ್ಟೆ."

"ಮಾತಾಡ್ಬೇಡ. ಪೇಪರು ಅಲ್ಲಾಡ್ತದೆ," ಎನ್ನುತ್ತಿದ್ದ ಮಾಮ.

ಫೋಟೊ ತೆಗೆದ ಮೇಲೆ ಕ್ಯಾಮೆರಾದ ಬೆನ್ನಿನ ಪುಟ್ಟ ಪರದೆಗೆ ಭೂತಗನ್ನಡಿ ಹಿಡಿದು ನಾಲ್ಕು ಮೂಲೆ ನೋಡುವನು. ಮೂಲೆ ಮಾತ್ರ. ನಡುವೆ ಎಂಥ ಕಳಪೆ ಲೆನ್ಸೂ ಚೆನ್ನಾಗಿಯೇ ಇರುತ್ತದೆ, ಅದರ ಬಂಡವಾಳ ಬಯಲಾಗುವುದು ಮೂಲೆಯಲ್ಲಿ ಎಂಬುದು ಅವನ ಸಿದ್ಧಾಂತ. ಕಂಪ್ಯೂಟರಿಗೆ ಹಾಕಿ ನೋಡು ಎಂದರೆ ಮುಖ ಗಂಟಿಕ್ಕುವನು. ಅದರಲ್ಲಿ ತಿದ್ದಿದ್ದು ಫೋಟೊ ಅಲ್ಲವಂತೆ, ಮೋಸವಂತೆ.

ಅವನ ಜನ್ಮಶತ್ರು ಒಂದೇ, ಪೂಸಣ. ಅಂದರೆ ಬೂಷ್ಟು. ನಮ್ಮ ಕಣಿವೆಯ ತೇವಕ್ಕೆ ಗಾಜಿನ ಒಳಗೂ ಬೂಷ್ಟು ಹಿಡಿಯುತ್ತದೆ. ಅವನ ಮದುವೆಯ ಆಲ್ಬಮ್ಮನ್ನೂ ಅದು ಮುಖ ಒಂದೂ ಬಿಡದೆ ತಿಂದುಹಾಕಿತ್ತು. ಅದಕ್ಕೇ ಮಳೆಗಾಲ ಬಂತೆಂದರೆ ಇಪ್ಪತ್ತಮೂರು ಲೆನ್ಸನ್ನೂ ಆಂಡಿಪಟ್ಟಿಯ ತಮ್ಮನ ಮನೆಗೆ ಬಿಟ್ಟುಬರುವನು. ಆಂಡಿಪಟ್ಟಿ ಒಣ ಊರು. ಬಸುರಿ ಮಗಳನ್ನು ತವರಿಗೆ ಕಳಿಸಿದಂತೆ ದಿನಕ್ಕೆರಡು ಸಲ ಫೋನು ಬೇರೆ. "ಎಲ್ಲಾ ಚೆನ್ನಾಗವ್ರಾ?" ಎಂದು ಕೇಳುವನು. ತಮ್ಮನ ಹೆಂಡತಿ ಮೊದಮೊದಲು ತನ್ನ ಮಕ್ಕಳ ಸಮಾಚಾರ ಹೇಳುತ್ತಿದ್ದಳು, ಪಾಪ!

ಹೀಗಿರುವಾಗ ಇಪ್ಪತ್ತನಾಲ್ಕನೆಯ ಲೆನ್ಸು ಬಂತು.

ಚಿನ್ನಮನೂರಿನ ಕಡೆ ಒಬ್ಬ ಮುದುಕ ಫೋಟೊಗ್ರಾಫರ್ ಇದ್ದರು. ಅವರಿಗೆ ಮದುವೆಯ ಕೆಲಸ ಬರುತ್ತಿರಲಿಲ್ಲ, ಸಾವಿನದು ಬರುತ್ತಿತ್ತು. ಹೆಣಕ್ಕೆ ಸ್ನಾನ ಮಾಡಿಸಿ, ದವಡೆಗೆ ಬಟ್ಟೆ ಕಟ್ಟಿ, ಮನೆಯ ಮುಂದೆ ಕುರ್ಚಿಯಲ್ಲಿ ಕೂರಿಸಿ ಸುತ್ತ ಮನೆಯವರೆಲ್ಲ ನಿಂತು ಕಡೆಯ ಫೋಟೊ ತೆಗೆಸುವುದು ನಮ್ಮಲ್ಲಿ ಇತ್ತಲ್ಲ, ಅದು. ಅವರೂ ತೀರಿಕೊಂಡ ಮೇಲೆ ಅವರ ಮಗ ಆ ಲೆನ್ಸನ್ನು ಕೈಯಿಂದ ಮುಟ್ಟದೆ, ಟವೆಲಿನಲ್ಲಿ ಸುತ್ತಿ ಮಾಮನಿಗೆ ಕೊಟ್ಟ. ಕಾಸೂ ಬೇಡವೆಂದ. ಮಾಮನಿಗೆ ಹಬ್ಬ.

ಅತ್ತೆಗೆ ಅದು ಸರಿಬರಲಿಲ್ಲ. ನಾನು ಅವತ್ತು ದಿಂಡಿಗಲ್‌ನಿಂದ ಬಂದಿದ್ದೆ; ಎದುರಿಗೇ ನಡೆದ ಮಾತು.

"ಅದು ಎಷ್ಟು ಎಣ ನೋಡೈತೋ. ಅಂಥಾ ಕಣ್ಣ ನಿಮ್ಮ ಮೋರೆ ಪಕ್ಕದಲ್ಲೇ ಇಟ್ಕಂಡು ನಿಲ್ತೀರ. ಯಾರಾನ ಕಾವ್ಲು ಇರಬೇಡ್ವಾ?"

"ಗಾಜು ಅದು. ಚುಮ್ಮಾ, ಬರೀ ಗಾಜು. ಓಗಿ ಕೂತ್ಕೋ."

ಅತ್ತೆ ಒಳಗೆ ಹೋಗಿ ಪೇಪರು ತರಲು ಎಂದಿಗಿಂತ ತುಸು ಹೆಚ್ಚು ಹೊತ್ತು ಮಾಡಿದಳು. ಬಂದು ಕೂತಳು.

ಅವತ್ತಿನ ಫೋಟೊದಲ್ಲಿ ಎರಡು ಕಪ್ಪು ಚುಕ್ಕೆ ಬಿದ್ದವು. ನಟ್ಟನಡುವೆ, ಅಕ್ಕಪಕ್ಕ, ಮೆಣಸಿನ ಕಾಳಿನಷ್ಟು. ಪೂಸಣ ಎಂದು ಮಾಮ ಆ ಲೆನ್ಸನ್ನು ತೆಗೆದಿಟ್ಟು ಬೇರೊಂದು ಹಾಕಿದ. ಅದರಲ್ಲೂ ಎರಡು ಚುಕ್ಕೆ. ಮತ್ತೊಂದು ಹಾಕಿದ. ಅದರಲ್ಲೂ! ಹೆಣದ ಲೆನ್ಸು ಮನೆಗೆ ಕಾಲಿಟ್ಟ ದಿನವೇ ಇಪ್ಪತ್ತಮೂರಕ್ಕೂ ಅಂಟುಜಾಡ್ಯ ತಗುಲಿಸಿತ್ತು.

"ಪೇಪರಲ್ಲೇ ಏನಾದ್ರೂ ಐತೇನೋ ಮಾಮ," ಎಂದೆ.

"ಇಷ್ಟು ವರ್ಷ ಇಲ್ದೇ ಇದ್ದುದು ಇವತ್ತು ಎಲ್ಲಿಂದ ಬತ್ತದೆ? ಪೇಪರು ಪೆಟ್ಟಿಗೇಲೇ ಐತಲ್ಲ."

"ಪೆಟ್ಟಿಗೇಲೇ ಐತೆ," ಎಂದು ಅತ್ತೆ ಅದನ್ನು ಮಡಿಸಿಕೊಂಡು ಒಳಗೆ ಹೋದಳು.

ಲೆನ್ಸುಗಳು ಬೇಸಿಗೆಯಲ್ಲೇ ಆಂಡಿಪಟ್ಟಿಗೆ ಹೋಗಿಬಂದವು. ಗುಣ ಕಾಣಲಿಲ್ಲ. ದಿಂಡಿಗಲ್‌ನ ರಿಪೇರಿಯವರು ಎಲ್ಲವನ್ನೂ ಬಿಚ್ಚಿ ನೋಡಿ, ಗಾಜು ಸ್ವಚ್ಛವಾಗಿದೆ, ನಿಮ್ಮ ಕಣ್ಣು ತೋರಿಸಿಕೊಳ್ಳಿ ಎಂದರು. ಕಣ್ಣಿನ ಡಾಕ್ಟರು ಕಣ್ಣು ಸ್ವಚ್ಛವಾಗಿದೆ ಎಂದರು. ಕಡೆಗೆ ಗುಡಿಯ ಪೂಜಾರಿ ನಿಂಬೆಹಣ್ಣು ಇಳಿತೆಗೆದು ಹೆಣದ ಲೆನ್ಸಿನ ಮೂತಿಗೆ ವಿಭೂತಿ ಹಚ್ಚಿದರು. ಆ ವಿಭೂತಿಯನ್ನು ಒರೆಸಲು ಮಾಮನಿಗೆ ಎರಡು ದಿನ ಹಿಡಿಯಿತು. ಚುಕ್ಕೆ ಹೋಗಲಿಲ್ಲ. ಅಷ್ಟೇ ಅಲ್ಲ, ಒಂದು ವಾರ ತುಸು ಮೇಲೆ, ಇನ್ನೊಂದು ವಾರ ತುಸು ಕೆಳಗೆ, ಅವು ಓಡಾಡುತ್ತಿದ್ದವು. ಮಾಮ ನಗುವುದನ್ನು ಬಿಟ್ಟ. ತೋಟದ ಆಳುಗಳು ಭಾನುವಾರ ಹನ್ನೆರಡು ಹೊಡೆದರೆ ಮೋಟಾರು ಕೋಣೆಯ ಕಡೆ ಹೋಗುವುದನ್ನು ಬಿಟ್ಟರು. ಅತ್ತೆಯೊಬ್ಬಳು ಮಾತ್ರ ಒಂದು ಭಾನುವಾರವೂ ತಪ್ಪಿಸದೆ ಕೂತಳು.

ಆಮೇಲೆ ಅತ್ತೆ ಹೋದಳು. ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವಳು ಏಳಲಿಲ್ಲ.

ಬೀದಿಗೆ ಕಟ್ಟುವ ಕಣ್ಣೀರಂಜಲಿ ಬ್ಯಾನರಿಗೆ ಫೋಟೊ ಬೇಕಲ್ಲ, ಹುಡುಕಿದೆವು. ಯಾರಾದರೂ ಫೋಟೊ ತೆಗೆಯಲು ಫೋನು ಎತ್ತಿದರೆ ಅತ್ತೆ ಸೆರಗು ಎಳೆದುಕೊಂಡು, "ನನ್ನ ಪಡ ತಗಿಯಾಕೆ ಮನೇಲೇ ಆಳವ್ರೆ" ಎನ್ನುತ್ತಿದ್ದಳು. ಮನೆಯ ಆಳಿನ ಬಳಿ ಇದ್ದದ್ದು ಸಾವಿರಾರು ಪೇಪರು. ಕಡೆಗೆ ಆಧಾರ್ ಕಾರ್ಡಿನ ಚಿತ್ರವನ್ನೇ ದೊಡ್ಡದು ಮಾಡಿಸಿದೆವು. ಅದರಲ್ಲಿದ್ದ ಹೆಂಗಸು ಯಾರೋ ನಮಗೆ ಗೊತ್ತಿಲ್ಲ. ಮಾಮ ಬ್ಯಾನರಿನ ಮುಂದೆ ನಿಂತು, "ಇವಳಲ್ಲ," ಎಂದ. ಮತ್ತೆ ಆ ಬೀದಿಯಲ್ಲಿ ನಡೆಯಲಿಲ್ಲ.

ಹದಿನಾರನೆಯ ದಿನದ ಕಾರ್ಯ ಮುಗಿದ ಮರು ಭಾನುವಾರ ಅವನು ಖಾಲಿ ಸ್ಟೂಲಿಟ್ಟು, ಎರಡು ಕೋಲಿಗೆ ಹಗ್ಗ ಕಟ್ಟಿ, ಹೊಸದೊಂದು ಪೇಪರಿಗೆ ಬಟ್ಟೆಯ ಕ್ಲಿಪ್ ಹಾಕಿ ನೇತುಹಾಕಿದನಂತೆ. ಗಾಳಿಯಿಲ್ಲದ ಬಿಸಿಲು. "ಒಂಚೂರು ಮ್ಯಾಲೆತ್ತು," ಎಂದು ಸ್ಟೂಲಿಗೆ ಹೇಳುತ್ತಿದ್ದನಂತೆ. ಆಮೇಲೆ ತಾನೇ ಹೋಗಿ ಪೇಪರು ಮೇಲೆತ್ತಿ ಬರುತ್ತಿದ್ದನಂತೆ. ನೋಡಿದ ಆಳು ಜ್ವರ ಹಿಡಿದು ಮಲಗಿದ.

ಆ ವಾರವೇ ಮಾಮ ಬಸ್ಸು ಹತ್ತಿ ದಿಂಡಿಗಲ್‌ನ ನನ್ನ ಮನೆಗೆ ಬಂದ. ಕೈಯಲ್ಲಿ ಬಿಸ್ಕತ್ತಿನ ಡಬ್ಬಿ, ಅದರ ತುಂಬ ಕ್ಯಾಮೆರಾದ ಕಾರ್ಡುಗಳು.

"ಪುಳ್ಳಿ ಓಯ್ತು ಪಾಪಾ, ಆ ಚುಕ್ಕೆ. ಇಪ್ಪತ್ನಾಕು ಲೆನ್ಸಲ್ಲೂ ಪುಳ್ಳಿ ಇಲ್ಲ."

"ಒಳ್ಳೇದಾಯ್ತಲ್ಲ ಮಾಮ."

"ಅವ್ಳ ಜತೇಲೇ ಓಗೈತೆ." ಡಬ್ಬಿಯ ಮುಚ್ಚಳ ತೆರೆದು ಮತ್ತೆ ಮುಚ್ಚಿದ. "ಆ ಎಣದ ಕಣ್ಣು ನೋಡ್ತಾ ಇದ್ದುದು ಅವ್ಳನ್ನೇ. ನಾನೇ ಅವ್ಳನ್ನ ಅದ್ರ ಮುಂದೆ ಕೂರ್ಸಿ ಕೊಂದುಬುಟ್ನಾ?"

ಕಾಲೇಜಿನಲ್ಲಿ ಗಣಿತ ಹೇಳಿಕೊಡುವವಳು ನಾನು. ಆದರೂ ಬೆನ್ನಲ್ಲಿ ಚಳಿ ಹುಟ್ಟಿತು. ಮಾಮ ಡಬ್ಬಿಯನ್ನು ನನ್ನ ಮುಂದೆ ತಳ್ಳಿದ. "ಯಾವ್ದ್ರಲ್ಲಾದ್ರೂ ಪೇಪರು ಜಾರಿರ್ತದೆ. ಅವ್ಳ ಮೋರೆ ಒಂದು ಉಡುಕ್ಕೊಡು. ಕಂಪ್ಯೂಟರಲ್ಲೇ ನೋಡು, ಏನಾನ ಮಾಡ್ಕೋ."

ಮೋಸದ ಯಂತ್ರಕ್ಕೆ ಅವನೇ ಒಪ್ಪಿದನೆಂದರೆ ಎಷ್ಟು ಸೋತಿರಬೇಕು! ಅವನನ್ನು ಪಕ್ಕದಲ್ಲೇ ಕೂರಿಸಿಕೊಂಡು ಒಂದೊಂದೇ ಫೋಟೊ ತೆರೆದೆ. ಪೇಪರು, ಪೇಪರನ್ನು ಹಿಡಿದ ಎರಡು ಕೈ, ಕೆಳಗೆ ಸೀರೆ. ತಲೆಯ ಜಾಗದಲ್ಲಿ 'ವರ ಬೇಕಾಗಿದ್ದಾನೆ'. ಪೇಪರು ಒಮ್ಮೆಯೂ ಜಾರಿರಲಿಲ್ಲ, ಅಲ್ಲಾಡಬೇಡ ಎಂದಿದ್ದನಲ್ಲ. ಮೂರನೆಯ ಗಂಟೆಗೆ ಚುಕ್ಕೆಗಳು ಶುರುವಾದ ಭಾನುವಾರ ಬಂತು. ಬೂಷ್ಟು ಹೇಗಿದೆ ನೋಡೋಣವೆಂದು ಚುಕ್ಕೆಗಳನ್ನೇ ಹಿಗ್ಗಿಸಿದೆ. ಕತ್ತಲೆಯ ಭಾಗವನ್ನು ಮೆಲ್ಲಗೆ ಬೆಳಗಿಸಿದೆ.

ಚುಕ್ಕೆಗಳ ಒಳಗಿನಿಂದ ಎರಡು ಕಣ್ಣು ನಮ್ಮನ್ನು ನೋಡಿದವು.

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಮಾಮ ಏಳಲಿಲ್ಲ. ಪರದೆಗೆ ಮೂಗು ತಾಗುವಷ್ಟು ಬಗ್ಗಿದ. "ಇವಳು," ಎಂದ.

ಅದು ಪೂಸಣವಲ್ಲ, ಊದುಬತ್ತಿಯಿಂದ ಪೇಪರಿಗೆ ಸುಟ್ಟ ಎರಡು ತೂತು. ಮುಂದಿನ ಫೋಟೊದಲ್ಲೂ ಕಣ್ಣು, ಅದರ ಮುಂದಿನದರಲ್ಲೂ ಕಣ್ಣು. ಒಂದರಲ್ಲಿ ನಗು, ಒಂದರಲ್ಲಿ ನಿದ್ದೆ, ಪೂಜಾರಿ ಬಂದ ವಾರದ್ದರಲ್ಲಿ ನಗು ತಡೆದು ನೀರು. ಒಂದರಲ್ಲೂ ಅವು ಲೆನ್ಸನ್ನು ನೋಡುತ್ತಿರಲಿಲ್ಲ. ಅದರ ಎಡಕ್ಕೆ, ತುಸು ಮೇಲೆ, ಮಾಮ ನಿಲ್ಲುವ ಜಾಗವನ್ನು ನೋಡುತ್ತಿದ್ದವು. ಕಾವಲು ಬೇಡವೇ ಎಂದು ಕೇಳಿದವಳು ತಾನೇ ಕಾವಲು ಕೂತಿದ್ದಳು.

ಮಾರನೆಯ ದಿನ ಹನುಮಂತನಪಟ್ಟಿಗೆ ಹೋಗಿ ಪೆಟ್ಟಿಗೆ ತೆರೆದೆವು. ಸೀರೆಗಳ ನಡುವೆ ಹಾಳೆ ಇತ್ತು, ತೂತಿನ ಅಂಚು ಕಂದಿತ್ತು. ಮಾಮ ಅದನ್ನು ಹಿಡಿದುಕೊಂಡು ಹೋಗಿ ಸ್ಟೂಲಿನ ಮೇಲೆ ಕೂತ. ನನ್ನನ್ನು ತನ್ನ ಜಾಗದಲ್ಲಿ, ಕ್ಯಾಮೆರಾದ ಪಕ್ಕ ನಿಲ್ಲಲು ಹೇಳಿದ. ಪೇಪರು ಮುಖಕ್ಕೆ ಬಂತು.

"ಮಾಮ, ಏನು ಕಾಣ್ತದೆ?"

"ನಿಂತವ್ರ ಮೋರೆ ಒಂದೇ ಕಾಣ್ತದೆ ಪಾಪಾ," ಎಂದ ಪೇಪರಿನ ಹಿಂದಿನಿಂದ. "ಲೆನ್ಸು ಕಾಣಾಕಿಲ್ಲ."

ಪೇಪರು ಅಲ್ಲಾಡುತ್ತಿತ್ತು. ನಾನು ಫೋಟೊ ತೆಗೆಯಲಿಲ್ಲ.

ಈಗ ಅವರ ನಡುಮನೆಯ ಗೋಡೆಯ ಮೇಲೆ, ಹೂವಿನ ಹಾರದೊಳಗೆ, ಒಂದು ವಧು-ವರರ ಜಾಹೀರಾತಿನ ಪುಟ ಇದೆ. ಹೆಣದ ಲೆನ್ಸಿನಲ್ಲಿ ತೆಗೆದ ಫೋಟೊ. ಬಂದವರು ಕಕ್ಕಾಬಿಕ್ಕಿಯಾಗುತ್ತಾರೆ, ಒಬ್ಬರು ಪಾಪ, ಮಗಳಿಗೆ ಗಂಡು ನೋಡಲು ಕನ್ನಡಕ ಹಾಕಿಕೊಂಡರು! ಮಾಮ ಯಾರಿಗೂ ವಿವರಿಸುವುದಿಲ್ಲ. ಮೂಲೆಗಳ ಕಡೆ ನೋಡುವುದೂ ಇಲ್ಲ. ದಿನಾ ಬೆಳಿಗ್ಗೆ ಸ್ನಾನ ಮಾಡಿ ಬಂದು, ಆ ಎರಡು ಚುಕ್ಕೆಗಳ ನಡುವೆ, ತುಸು ಮೇಲೆ, ಕುಂಕುಮ ಇಡುತ್ತಾನೆ.