ಷಡ್ಡಕನ ಕೈಗುಣ

ಕನ್ನಡಕದಂಗಡಿಯವರ ಬಾಯಿಂದ ಆ ಮಾತು ಹೇಗೆ ಬಂತೋ ಅವರಿಗೇ ಗೊತ್ತಿಲ್ಲ. ಮೆತ್ತನೆಯ ಮನುಷ್ಯ. ಗಿರಾಕಿ ಕನ್ನಡಿ ಮುಂದೆ ನಿಂತು "ಈ ಫ್ರೇಮು ನಂಗೆ ಒಪ್ಪುತ್ತಾ?" ಎಂದು ಕೇಳಿದರೆ, ಸುಳ್ಳು ಹೇಳಲಾರದೆ, ನಿಜ ಹೇಳಿ ನೋಯಿಸಲೂ ಆಗದೆ, "ಫ್ರೇಮು ತುಂಬಾ ಚೆನ್ನಾಗಿದೆ" ಎನ್ನುವಂಥವರು. ಅಂಥವರು ಹೆರಿಗೆ ವಾರ್ಡಿನಲ್ಲಿ, ಮಗಳ ಮಂಚದ ಪಕ್ಕ ನಿಂತು, ಬೀಗರ ಮುಖಕ್ಕೇ ಹೇಳಿಬಿಟ್ಟರು:

"ಬೇಡ ಬೀಗ್ರೇ. ನಾಳೆ ತಾಯಿ ಮಗು ಇಬ್ರನ್ನೂ ನಮ್ಮ ಕಾರಲ್ಲೇ ನಮ್ಮನೆಗೆ ಕರ್ಕೊಂಡು ಹೋಗ್ತೀವಿ."

ಹೆಂಡತಿಯ ಕೈಯಲ್ಲಿದ್ದ ಫ್ಲಾಸ್ಕಿನ ಮುಚ್ಚಳ ನೆಲಕ್ಕೆ ಬಿತ್ತು. ಏಕೆಂದರೆ ಅವರಿಗೆ ಕಾರೇ ಇರಲಿಲ್ಲ.

ಬೀಗರದು ಲಾರಿ ಕಂಪನಿ. ಒಳ್ಳೆಯ ಮನುಷ್ಯ, ಸ್ವಲ್ಪ ಅತಿಯಾಗಿಯೇ ಒಳ್ಳೆಯವರು. ಕೇಳುವ ಮೊದಲೇ ಸಹಾಯ ಮಾಡಿ ಮುಗಿಸಿ, ಕೈ ಒರೆಸಿಕೊಂಡು ನಿಂತಿರುತ್ತಿದ್ದರು. ಮಗ ಕೆಲಸದ ಮೇಲೆ ದೂರದ ಊರಿಗೆ ಹೋಗಿದ್ದರಿಂದ ಸೊಸೆಯ ಜವಾಬ್ದಾರಿ ತಮ್ಮದೆಂದು ತೀರ್ಮಾನಿಸಿ, ಅವಳಿಗೆ ಆಗಲೇ ಹೇಳಿದ್ದರು: "ಹೊಟ್ಟೇಲಿ ಮಗು ಇಟ್ಕೊಂಡು ಎಂಟು ತಿಂಗಳು ಆ ಪ್ರಿಂಟಿಂಗ್ ಪ್ರೆಸ್ಸಿನ ಗಲಾಟೇಲಿ ನಿಂತು ಕೆಲಸ ಮಾಡಿದೀಯಮ್ಮ. ನಮ್ಮನೆ ನೋಡು, ಸೂಜಿ ಬಿದ್ರೂ ಕೇಳುತ್ತೆ. ಎರಡು ತಿಂಗಳು ಬಂದು ಹಾಯಾಗಿರು."

ಈ ಮಾತು ಕೇಳಿಯೇ ಕನ್ನಡಕದವರು ಇಲ್ಲದ ಕಾರನ್ನು ಮಾತಿಗೆ ಎಳೆದದ್ದು. ಮನೆಯ ಮುಂದಿನ ಕೋಣೆಯಲ್ಲಿ ಮಗಳ ಹಳೆಯ ತೊಟ್ಟಿಲು ಕಾಯುತ್ತಿತ್ತು. ಅದರ ಕೀಲುಗಳಿಗೆ ಅವರೇ ಎಣ್ಣೆ ಬಿಟ್ಟಿದ್ದರು, ಅವರೇ ಬಣ್ಣ ಬಳಿದಿದ್ದರು, ಯಾರೂ ಇಲ್ಲದಾಗ ಖಾಲಿ ತೊಟ್ಟಿಲನ್ನೇ ತೂಗಿಯೂ ನೋಡಿದ್ದರು. ಎರಡು ತಿಂಗಳಲ್ಲಿ ಮೊಮ್ಮಗಳು ನಗುವುದನ್ನು ಕಲಿಯುತ್ತಾಳೆ. ಆ ಮೊದಲ ನಗು ಬೇರೆಯವರ ಮನೆಯಲ್ಲಿ ಆಗಿಹೋದರೆ?

"ಓಹೋ, ಕಾರ್ ತಗೊಂಡ್ರಾ! ಹೇಳಲೇ ಇಲ್ವಲ್ಲ!" ಬೀಗರಿಗೆ ನಿಜವಾಗಿಯೂ ಸಂತೋಷವಾಯಿತು. "ಹಾಗಾದ್ರೆ ಸರಿ. ಆದ್ರೂ ನಾನು ನನ್ನ ಕಾರು ತಂದಿರ್ತೀನಿ. ನಿಮ್ಮದು ಬಂದ್ರೆ ನಿಮ್ಮನೆ, ಬರ್ಲಿಲ್ಲ ಅಂದ್ರೆ ನಮ್ಮನೆ."

ಆ ಸಂಜೆಯೇ ಕನ್ನಡಕದವರು ಕಾರು ಕೊಂಡರು. ಮಾರಿದವರು ಅವರ ಹಳೆಯ ಗಿರಾಕಿ, ಫೋಟೋ ಸ್ಟುಡಿಯೋದವರು. ಕಾರಿನೊಳಗೆ ರೇಡಿಯೋ ಜೋರಾಗಿ ಹಾಡುತ್ತಿತ್ತು, ಅದಕ್ಕಿಂತ ಜೋರಾಗಿ ಫೋಟೋದವರು ಮಾತಾಡುತ್ತಿದ್ದರು. ಕನ್ನಡಕದವರು ತಮಗೆ ಗೊತ್ತಿರುವ ಪರೀಕ್ಷೆಯನ್ನೇ ಮಾಡಿದರು. ಜೇಬಿನಿಂದ ಮೆತ್ತನೆಯ ಬಟ್ಟೆ ತೆಗೆದು ಮುಂದಿನ ಗಾಜು ಒರೆಸಿದರು, ಹಿಂದಿನ ಗಾಜು ಒರೆಸಿದರು, ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ನೋಡಿದರು. ಗಾಜಿನಲ್ಲಿ ಒಂದು ಗೀರೂ ಇರಲಿಲ್ಲ.

"ಇಂಜಿನ್ನು?" ಎಂದು ಕೇಳಬೇಕಲ್ಲ ಎಂದು ಕೇಳಿದರು.

"ಇಂಜಿನ್ ಬಗ್ಗೆ ಚಿಂತೇನೇ ಬೇಡಿ ಸಾರ್. ನಮ್ಮ ಷಡ್ಡಕಾನೇ ಪೂರ್ತಿ ಬಿಚ್ಚಿ ಜೋಡ್ಸಿದಾನೆ. ಅವನ ಕೈಗುಣ ಅಂಥಾದ್ದು."

"ಅವ್ರಿಗೆ ಗ್ಯಾರೇಜ್ ಇದೆಯಾ?"

"ನೀರೆತ್ತೋ ಪಂಪ್ ರಿಪೇರಿ ಮಾಡ್ತಾನೆ. ಪಂಪಾದ್ರೇನು ಇಂಜಿನ್ನಾದ್ರೇನು ಸಾರ್, ಎರಡೂ ತಿರುಗೋ ಸಾಮಾನೇ ಅಲ್ವಾ?" ಎಂದ ಫೋಟೋದವರು ಮುಂದಿನ ಖಾನೆ ತೆರೆದು ಒಂದು ಪ್ಲಾಸ್ಟಿಕ್ ಚೀಲ ತೋರಿಸಿದರು. ಅದರ ತುಂಬ ಬೋಲ್ಟು, ನಟ್ಟು. "ಜೋಡಿಸಿದ ಮೇಲೆ ಇಷ್ಟು ಮಿಕ್ತು. ಇದನ್ನೂ ನಿಮಗೇ ಕೊಡ್ತೀನಿ, ಪುಕ್ಕಟೆ."

ಕನ್ನಡಕದವರಿಗೆ ಫೋಟೋದವರ ಧಾರಾಳತನ ಕಂಡು ಮನಸ್ಸು ತುಂಬಿಬಂತು.

ಬೆಳಿಗ್ಗೆ ಹೆಂಡತಿ ಮೆತ್ತನೆಯ ಹೊದಿಕೆಗಳನ್ನು ಮಡಿಚಿ ಹಿಂದಿನ ಸೀಟಿನಲ್ಲಿಟ್ಟರು. ಕನ್ನಡಕದವರು ಕೀಲಿ ತಿರುಗಿಸಿದರು. ಮಗುವಿಗೆ ಗಲಾಟೆ ಆಗಬಾರದೆಂದು ರೇಡಿಯೋ ಹಾಕಲಿಲ್ಲ. ಆಗ ಮೊದಲ ಸಲ ಅವರಿಗೆ ಇಂಜಿನ್ ಕೇಳಿಸಿತು.

ಟಕ್ ಟಕ್ ಟಕ್. ಒಂದು ಬಿಡುವು. ಆಮೇಲೆ ಒಳಗಿನಿಂದ ವಯಸ್ಸಾದವರದ್ದೊಂದು ಕೆಮ್ಮು. ಮತ್ತೆ ಟಕ್ ಟಕ್ ಟಕ್.

ಮೇಲಿನ ಮನೆಯ ಟೈಲರಮ್ಮ ಕಿಟಕಿಯಿಂದ ತಲೆ ಹಾಕಿದರು. "ಏನ್ರೀ ಅದು? ಸೂಜಿ ಹೋಗಿ ತಗಡಿಗೆ ಹೊಡೆದ ಹಾಗೆ ಸದ್ದು!"

ಪಕ್ಕದ ಮನೆಯ ಡ್ರಿಲ್ ಮೇಷ್ಟ್ರು ನಿವೃತ್ತರಾದ ಮೇಲೆ ಸೀಟಿ ಊದುವುದಕ್ಕೆ ಕಾರಣವೇ ಸಿಗದೆ ಸೊರಗಿದ್ದರು. ಕೊರಳಿಗೆ ಸೀಟಿ ಹಾಕಿಕೊಂಡೇ ಓಡಿಬಂದರು. ಅವರು ಬರುವುದಕ್ಕೂ ಇಂಜಿನ್ ನಿಲ್ಲುವುದಕ್ಕೂ ಸರಿಹೋಯಿತು.

"ಯಾರ್ರೀ ಇದನ್ನ ರಿಪೇರಿ ಮಾಡಿದ್ದು?" ಮೇಷ್ಟ್ರು ಬಾನೆಟ್ ಎತ್ತಿ ಕೇಳಿದರು.

"ಷಡ್ಡಕ."

"ನಿಮ್ಮ ಷಡ್ಡಕಾನಾ?"

"ಮಾರಿದವ್ರ ಷಡ್ಡಕ. ಪಂಪಿನವ್ರು."

"ಅದಕ್ಕೇ ನೀರು ಕಾರ್ತಾ ಇದೆ," ಎಂದರು ಮೇಷ್ಟ್ರು. ಇಂಜಿನ್ನಿನ ಕೆಳಗೆ ನಿಜಕ್ಕೂ ಸಣ್ಣ ಕೆರೆಯಾಗಿತ್ತು.

ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ಕನ್ನಡಕದವರಿಗೆ ಆಗ ಆ ಬೋಲ್ಟಿನ ಚೀಲದ ಅರ್ಥ ಹೊಳೆಯಿತು. ಆದರೆ ಅಳುತ್ತಾ ಕೂರಲು ಸಮಯವೆಲ್ಲಿ? ಮೇಷ್ಟ್ರು ಸೀಟಿ ಊದಿದರು, ಬೀದಿಯವರೆಲ್ಲ ಸೇರಿದರು, "ಒಂದ್... ಎರಡ್..." ಎಂದು ಕಾರು ತಳ್ಳಿದರು. ತಿರುವಿನಲ್ಲಿ ಇಂಜಿನ್ ಒಮ್ಮೆ ಕೆಮ್ಮಿ ಎಚ್ಚರವಾಯಿತು. ದಾರಿಯಲ್ಲಿ ಮತ್ತೆ ನಿಂತರೆ ತಳ್ಳುವುದಕ್ಕಿರಲಿ ಎಂದು ಮೇಷ್ಟ್ರೂ ಟೈಲರಮ್ಮನೂ ಹತ್ತಿ ಕೂತರು. ಹೊದಿಕೆಗಳನ್ನು ತೊಡೆಯ ಮೇಲಿಟ್ಟುಕೊಂಡು ಹೆಂಡತಿ ಮೂಲೆಗೆ ಒತ್ತಿಕೊಂಡು ಕೂತರು.

ಕಾರು ಮಾರುಕಟ್ಟೆಯಲ್ಲಿ ನಿಂತಿತು, ತಳ್ಳಿದರು. ಸೇತುವೆಯ ಮೇಲೆ ನಿಂತಿತು, ತಳ್ಳಿದರು. ಶಾಲೆಯ ಗೋಡೆಯ ಪಕ್ಕ ಮಾತ್ರ ಬುಸ್ಸೆಂದು ಹಬೆ ಬಿಟ್ಟು, ಇನ್ನು ನನ್ನಿಂದಾಗದು ಎಂಬಂತೆ ಸುಮ್ಮನಾಯಿತು. ಅದು ತಣ್ಣಗಾಗುವವರೆಗೆ ಕಾಯಲೇಬೇಕಿತ್ತು. ಆಸ್ಪತ್ರೆಯಿಂದ ಮಗಳನ್ನು ಕಳಿಸುವ ಹೊತ್ತು ಆಗಲೇ ಮೀರಿತ್ತು.

ಕನ್ನಡಕದವರು ಫೋಟೋದವರಿಗೆ ಫೋನು ಮಾಡಿದರು.

"ನಮ್ಮ ಷಡ್ಡಕ ಇಲ್ಲೇ ಇದಾನೆ ಸಾರ್, ಅವನಿಗೇ ಕೊಡ್ತೀನಿ ತಾಳಿ," ಎಂದು ಫೋಟೋದವರು ಮೆಲ್ಲಗೆ ಜಾರಿಕೊಂಡರು.

"ನಮಸ್ಕಾರ ಸಾರ್! ಗಾಡಿ ಹೇಗೆ ಓಡ್ತಾ ಇದೆ?" ಷಡ್ಡಕನ ದನಿ ಹಬ್ಬದಷ್ಟು ಹುರುಪಿನಲ್ಲಿತ್ತು.

ಜೀವನದಲ್ಲಿ ಯಾರನ್ನೂ ಬೈದವರಲ್ಲ ಕನ್ನಡಕದವರು. ಅಭ್ಯಾಸವಿಲ್ಲದ್ದರಿಂದ ಎಲ್ಲಿ ನಿಲ್ಲಿಸಬೇಕೆಂದು ತಿಳಿಯಲಿಲ್ಲ. "ಓಡ್ತಾ ಇಲ್ಲ ಸ್ವಾಮಿ, ಅಳ್ತಾ ಇದೆ! ನಿಮ್ಮ ಕೈಗುಣದಿಂದ ನನ್ನ ಮೊಮ್ಮಗಳು ಇವತ್ತು ಬೇರೆಯವ್ರ ಮನೆಗೆ ಹೋಗ್ತಾಳೆ. ಅವಳಿಗೋಸ್ಕರ ತೊಟ್ಟಿಲಿಗೆ ಬಣ್ಣ ಹೊಡೆದಿದೀನಿ ನಾನು! ನಿಮಗೆ ಕೈಮುಗೀತೀನಿ, ಇನ್ನು ಜೀವಮಾನದಲ್ಲಿ ಸ್ಪ್ಯಾನರ್ ಮುಟ್ಟಬೇಡಿ. ಇಂಜಿನ್ನಿರೋ ಬೀದೀಲೂ ನಡೀಬೇಡಿ!"

ಆ ಕಡೆಯಿಂದ ಸಣ್ಣ ದನಿ: "ಆಯ್ತು ಸಾರ್."

"ಜಾಸ್ತಿ ಆಯ್ತೇನೋ," ಎಂದು ಕನ್ನಡಕದವರು ಒದ್ದೆಗಣ್ಣಿನಲ್ಲಿ ಹೆಂಡತಿಯ ಮುಖ ನೋಡಿದರು.

"ಇಷ್ಟು ವರ್ಷ ಸೇರಿಸಿಟ್ಟಿದ್ದನ್ನೆಲ್ಲ ಒಬ್ಬನ ತಲೆ ಮೇಲೆ ಸುರಿದ್ರಿ, ಪಾಪ," ಎಂದರು ಹೆಂಡತಿ. ಆದರೆ ತಮ್ಮ ಸೆರಗಿನಿಂದ ಗಂಡನ ಹಣೆಯ ಮಸಿ ಒರೆಸಿದರು.

ಆಸ್ಪತ್ರೆಯ ಗೇಟಿನೊಳಗೆ ಕಾರು ಕೆಮ್ಮುತ್ತಾ ನುಗ್ಗಿದಾಗ ಬೀಗರ ದೊಡ್ಡ ಬಿಳಿ ಕಾರು ಹೊರಡುವುದಕ್ಕೆ ಸಿದ್ಧವಾಗಿ ನಿಂತಿತ್ತು. ಒಳಗೆ ಮಗಳು, ಮಡಿಲಲ್ಲಿ ಮೊಮ್ಮಗಳು. ಮೊಮ್ಮಗಳ ಅಳು ಏರಿಸಿದ ಗಾಜನ್ನೂ ದಾಟಿ ಬರುತ್ತಿತ್ತು. ಬೀಗರು ಗಿಲಕಿ ಅಲ್ಲಾಡಿಸುತ್ತಾ ಬೆವರಿ ನೀರಾಗಿದ್ದರು.

"ಬಂದ್ರಾ ಬೀಗ್ರೇ! ಬೇಜಾರು ಮಾಡ್ಕೋಬೇಡಿ, ತಡ ಆಯ್ತಲ್ಲ, ಅದಕ್ಕೇ ಕೂರಿಸಿಬಿಟ್ಟೆ. ಹತ್ತಿದಾಗಿಂದ ಒಂದೇ ಸಮ ಅಳ್ತಾಳೆ. ಹಾಲು ಕುಡಿದಾಯ್ತು, ಬಟ್ಟೆ ಬದಲಾಯ್ತು, ನರ್ಸಮ್ಮ ಬಂದು ನೋಡಿಯೂ ಆಯ್ತು..."

ಬೀಗರು ತಮ್ಮ ಕಾರಿನ ಬಾಗಿಲು ತೆರೆದರು. ಟಕ್ ಟಕ್ ಟಕ್ ಎಂದಿತು ಪಕ್ಕದಲ್ಲಿ ನಿಂತ ಹಳೆಯ ಕಾರು. ಕೆಮ್ಮಿತು.

ಮಗು ಅಳು ನಿಲ್ಲಿಸಿತು.

ಎಲ್ಲರೂ ಮುಖ ಮುಖ ನೋಡಿಕೊಂಡರು. ಕನ್ನಡಕದವರು ಗಾಬರಿಯಲ್ಲಿ ಇಂಜಿನ್ ಆರಿಸಿದರು. ಮಗು ಕಿರುಚಿತು. ಮೇಷ್ಟ್ರು ಸೀಟಿ ಊದಿ ಆಸ್ಪತ್ರೆಯ ಕಾವಲುಗಾರನನ್ನೂ ಸೇರಿಸಿಕೊಂಡು ತಳ್ಳಿದರು. ಇಂಜಿನ್ ಹತ್ತಿತು, ಮಗು ಕೈಮುಷ್ಟಿ ಸಡಿಲಿಸಿ ಆಕಳಿಸಿತು.

"ನಮ್ಮ ಪ್ರೆಸ್ಸಿನ ಹಳೇ ಮಷೀನು!" ಮಗಳು ನಗಲಾರಂಭಿಸಿದಳು. "ಅಪ್ಪಾ, ಅದೂ ಹೀಗೇ ಬಡ್ಕೊಳ್ಳೋದು. ಎಂಟು ತಿಂಗಳು ಹೊಟ್ಟೇಲಿದ್ದು ಇವಳು ಕೇಳಿದ್ದೇ ಅದನ್ನ. ಮಾವ, ಬೇಜಾರು ಮಾಡ್ಕೋಬೇಡಿ, ನಾನು ಅಪ್ಪನ ಕಾರಲ್ಲೇ ಹೋಗ್ತೀನಿ."

ಕನ್ನಡಕದವರು ಕನ್ನಡಕ ತೆಗೆದು ಒರೆಸಿಕೊಂಡರು. ಒರೆಸಬೇಕಾದ್ದು ಕನ್ನಡಕವಲ್ಲ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಮೇಷ್ಟ್ರೂ ಟೈಲರಮ್ಮನೂ ಬೀಗರ ತಣ್ಣನೆಯ ಕಾರಿನಲ್ಲಿ ಕೂತು ಹಿಂದೆ ಹಿಂದೆ ಮೆರವಣಿಗೆಯಲ್ಲಿ ಬಂದರು. ವಾಪಸು ದಾರಿಯಲ್ಲಿ ಇಂಜಿನ್ ಎರಡೇ ಸಲ ನಿಂತಿತು. ಆ ಎರಡು ಸಲವೂ ಬೀಗರೇ ಇಳಿದು ತಳ್ಳಿದರು.

ಮನೆ ತಲುಪುವ ಹೊತ್ತಿಗೆ ಮಗುವಿಗೆ ಗಾಢ ನಿದ್ದೆ. ತೊಟ್ಟಿಲಲ್ಲಿ ಮಲಗಿಸಿದರು. ಕನ್ನಡಕದವರು ಅದರ ಪಕ್ಕದಲ್ಲೇ ಕುರ್ಚಿಯಲ್ಲಿ ಕೂತು, ಮೊಮ್ಮಗಳ ಉಗುರು ನೋಡುತ್ತಾ ನೋಡುತ್ತಾ ತಾವೂ ನಿದ್ದೆಹೋದರು. ಇಷ್ಟು ನೆಮ್ಮದಿಯಾಗಿ ಅವರು ಎಷ್ಟೋ ದಿನದಿಂದ ಮಲಗಿರಲಿಲ್ಲ.

ದೀಪ ಹಾಕುವ ಹೊತ್ತಿಗೆ ಮಗು ಎದ್ದು ರಾಗ ತೆಗೆಯಿತು. ತೊಟ್ಟಿಲು ತೂಗಿದರೆ ಕೇಳಲಿಲ್ಲ, ಹೆಗಲಿಗೆ ಹಾಕಿಕೊಂಡರೆ ಕೇಳಲಿಲ್ಲ.

"ಕಾರ್ ಸ್ಟಾರ್ಟ್ ಮಾಡಪ್ಪ," ಎಂದಳು ಮಗಳು.

ಮಗುವನ್ನೆತ್ತಿಕೊಂಡು ಅವಳು ಹಿಂದೆ ಕೂತಳು. ಕನ್ನಡಕದವರು ಹೆಮ್ಮೆಯಿಂದ ಮುಂದೆ ಕೂತು ಕೀಲಿ ತಿರುಗಿಸಿದರು. ಸದ್ದಿಲ್ಲ. ಇನ್ನೊಮ್ಮೆ ತಿರುಗಿಸಹೊರಟರು.

"ಅಯ್ಯೋ, ತಿರುಗಿಸಬೇಡಿ! ಆಗಲೇ ಸ್ಟಾರ್ಟ್ ಆಗಿದೆ!" ಬೀಗರು ಗೇಟಿನ ಹತ್ತಿರದಿಂದ ಕೈ ಒರೆಸಿಕೊಳ್ಳುತ್ತಾ ಬಂದರು. ಮುಖ ಬೆಳಗುತ್ತಿತ್ತು. "ಹೇಗಿದೆ ಬೀಗ್ರೇ? ನೀವು ಮಲಗಿದ್ರಲ್ಲ, ನಮ್ಮ ಲಾರಿ ಶೆಡ್ಡಿನಿಂದ ಮೂರು ಜನ ಮೆಕ್ಯಾನಿಕ್ಕುಗಳನ್ನ ಕರೆಸಿದೆ. ಆ ಷಡ್ಡಕ ಮಾಡಿದ್ದನ್ನೆಲ್ಲ ಬಿಚ್ಚಿ, ಹೊಸ ವಾಷರ್ ಹಾಕಿ, ಸರಿಯಾಗಿ ಜೋಡಿಸಿದ್ರು. ಚೀಲದಲ್ಲಿದ್ದ ಬೋಲ್ಟುಗಳೂ ಒಂದೂ ಬಿಡದೆ ಅದರದರ ಜಾಗ ಸೇರಿದ್ವು. ಮೊಮ್ಮಗಳು ಕೂರೋ ಗಾಡಿ, ನನ್ನ ಕಡೆಯಿಂದ ಉಡುಗೊರೆ ಅಂದ್ಕೊಳ್ಳಿ. ಈಗ ಸೂಜಿ ಬಿದ್ರೂ ಕೇಳುತ್ತೆ!"

ಸೂಜಿ ಬಿದ್ದದ್ದು ಮಾತ್ರ ಕೇಳುವ ಹಾಗಿರಲಿಲ್ಲ. ಮಗುವಿನ ಅಳುವಿಗೆ ಬೀದಿಯ ಕಿಟಕಿಗಳೆಲ್ಲ ಒಂದೊಂದಾಗಿ ತೆರೆದುಕೊಂಡವು. ಬೀಗರಿಗೆ ತಾವು ಮಾಡಿದ್ದೇನೆಂದು ಆಗ ಅರ್ಥವಾಯಿತು. ಮುಖ ಪೆಚ್ಚಾಯಿತು. "ಒಳ್ಳೇದಕ್ಕೇ ಮಾಡಿದ್ದು ಬೀಗ್ರೇ..."

"ಗೊತ್ತು ಬೀಗ್ರೇ, ಗೊತ್ತು," ಎಂದು ಕನ್ನಡಕದವರು ಅವರ ಕೈ ಹಿಡಿದು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡರು. ಆಮೇಲೆ ಫೋನು ತೆಗೆದರು.

"ಸ್ವಾಮಿ, ನಿಮ್ಮ ಷಡ್ಡಕರು ಬಿಡುವಾಗಿದಾರಾ? ಒಂದ್ಸಲ ಬಂದು ಇಂಜಿನ್ ಬಿಚ್ಚಿ ಜೋಡಿಸಿ ಹೋಗ್ಲಿ. ಮೊದಲಿನ ಹಾಗೇ. ಮೊದಲು ಎಷ್ಟು ಬೋಲ್ಟು ಮಿಕ್ಕಿತ್ತೋ ಅಷ್ಟೂ ಮಿಗಬೇಕು."

"ತಮಾಷೆ ಮಾಡ್ತೀರಾ ಸಾರ್?" ಎಂದರು ಫೋಟೋದವರು. "ನಿಮ್ಮ ಮಾತು ಅವನಿಗೆ ನಾಟಿಬಿಡ್ತು. ಮಧ್ಯಾಹ್ನವೇ ಸ್ಪ್ಯಾನರುಗಳನ್ನೆಲ್ಲ ಗುಜರಿಗೆ ಹಾಕಿ ಬಂದ. ನಾಳೆಯಿಂದ ನನ್ನ ಸ್ಟುಡಿಯೋದಲ್ಲೇ ಫೋಟೋಗೆ ಕಟ್ಟು ಹಾಕ್ತಾನೆ. ಅವನ ಹೆಂಡ್ತಿ ಮಕ್ಕಳೆಲ್ಲ ನಿಮಗೆ ಒಳ್ಳೇದಾಗ್ಲಿ ಅಂತ ಹರಸ್ತಾ ಇದಾರೆ ಸಾರ್!"

ಕನ್ನಡಕದವರು ಫೋನು ಕೆಳಗಿಟ್ಟರು. ಹಿಂದೆ ಮಗು ಅಳುತ್ತಿತ್ತು, ಮಗಳ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಅವರು ಇಂಜಿನ್ ಆರಿಸಿ, ಕೀಲಿ ಕೈಗೆ ತೆಗೆದುಕೊಂಡು ಸ್ಟೀರಿಂಗಿನ ಮೇಲೆ ಮೆಲ್ಲಗೆ ಬಡಿದರು. ಟಕ್ ಟಕ್ ಟಕ್. ಬೆಳಿಗ್ಗೆಯಿಂದ ಕೇಳಿ ಕೇಳಿ ಅವರಿಗದು ಬಾಯಿಪಾಠವಾಗಿತ್ತು. ಒಂದು ಬಿಡುವು ಕೊಟ್ಟರು. ಮಗು ಅಳು ತಡೆದು ಕಾಯಿತು. ಏನೋ ಕಡಿಮೆಯಾಯಿತೆಂಬಂತೆ ತುಟಿ ಸೊಟ್ಟ ಮಾಡಿತು.

"ಕೆಮ್ಮು," ಎಂದು ಕನ್ನಡಕದವರು ಪಿಸುಗುಟ್ಟಿದರು. "ಬೀಗ್ರೇ, ಕೆಮ್ಮು ಬೇಕು."

ಲಾರಿ ಕಂಪನಿಯ ಯಜಮಾನರು ಗಂಟಲು ಸರಿಮಾಡಿಕೊಂಡು ಒಮ್ಮೆ ಕೆಮ್ಮಿದರು.

ಮಗುವಿನ ತುಟಿ ಸರಿಹೋಯಿತು. ಟಕ್ ಟಕ್ ಟಕ್, ಒಂದು ಬಿಡುವು, ಒಂದು ಕೆಮ್ಮು. ಬೀದಿಯ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು. ಮೇಷ್ಟ್ರು ತಮ್ಮ ಜಗಲಿಯಲ್ಲಿ ಸೀಟಿಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿದು ನಿಂತರು. ಒಂದು ಚೂರೂ ಸದ್ದಿಲ್ಲದೆ ಓಡಬಲ್ಲ ಕಾರಿನೊಳಗೆ ಇಬ್ಬರು ತಾತಂದಿರು ಪಕ್ಕಪಕ್ಕ ಕೂತು ಇಂಜಿನ್ನಿನ ಕೆಲಸ ಮಾಡುತ್ತಿದ್ದರು. ಕನ್ನಡಕದವರ ಕೈ ಸೋತುಬಂತು. ಮೊಮ್ಮಗಳು ಮಲಗಿರಬಹುದೆಂದು ಕೀಲಿ ಕೆಳಗಿಡಹೋದರು.

"ಅಪ್ಪಾ, ನಿಲ್ಲಿಸ್ಬೇಡ," ಹಿಂದಿನಿಂದ ಮಗಳ ಮೆಲುದನಿ ಬಂತು. "ಇನ್ನೂ ಒಂದು ಕಣ್ಣು ತೆರೆದಿದಾಳೆ. ಮಾವ, ನೀವೂ ಕೆಮ್ಮಿ."